ಟೆಸ್ಟ್ ಆಡದವನ ಮೂವತ್ತಾರು ಸಾವಿರ ರನ್

ಅಧಿಕೃತ ಟೆಸ್ಟ್ ಪಂದ್ಯ ಒಂದನ್ನೂ ಆಡದೆ ಪ್ರಥಮ ದರ್ಜೆ ಕ್ರಿಕೆಟ್‌ನಲ್ಲಿ ಎಲ್ಲರಿಗಿಂತ ಹೆಚ್ಚು ರನ್ ಗಳಿಸಿದವರು ವೇಲ್ಸ್‌ನ ಅಲನ್ ಜೋನ್ಸ್. 1957ರಿಂದ 1983ರವರೆಗೆ 645 ಪಂದ್ಯ, 36,049 ರನ್, 56 ಶತಕ. ಇವರ ಕಥೆ ಹೇಳುವವರೆಲ್ಲ ಕೊನೆಗೆ ‘ಪಾಪ, ಅದೃಷ್ಟವಿರಲಿಲ್ಲ’ ಎಂದು ಮುಗಿಸಿಬಿಡುತ್ತಾರೆ. ಈ ಮರುಕ ನನಗೆ ಅನ್ಯಾಯವೆನಿಸುತ್ತದೆ. ಗ್ಲಾಮೋರ್ಗನ್ ಕೌಂಟಿಗಾಗಿ ಆಡಿದ ಅಷ್ಟೂ ವರ್ಷಗಳನ್ನು ಆ ಮರುಕ, ಬಾರದ ಬಸ್ಸಿಗೆ ಕಾದು ನಿಂತ ಹೊತ್ತಿನಂತೆ ನೋಡುತ್ತದೆ. ಕೌಂಟಿ ಕ್ರಿಕೆಟ್ ಟೆಸ್ಟ್‌ಗೆ ಏರುವ ಮೆಟ್ಟಿಲು ಮಾತ್ರವಲ್ಲ, ಅದೇ ಒಂದು ಪೂರ್ಣ ಕಸುಬು. ಅದನ್ನು ಅದರದೇ ಅಳತೆಯಿಂದ ಅಳೆಯಬೇಕು.

ಆ ಕಸುಬು ಎಂಥದೆಂದು ನೋಡಿ. ಜೋನ್ಸ್ ಎಡಗೈ ಆರಂಭಿಕ ಬ್ಯಾಟ್ಸ್‌ಮನ್. ಅಂದರೆ ಪ್ರತಿ ಇನಿಂಗ್ಸ್‌ನಲ್ಲೂ ಹೊಸ ಚೆಂಡು, ದಣಿಯದ ಬೌಲರ್. ಅವರ ವೃತ್ತಿಜೀವನದ ಬಹುಭಾಗದಲ್ಲಿ ಕೌಂಟಿ ಪಿಚ್‌ಗಳಿಗೆ ಇಂದಿನಂತೆ ಪೂರ್ತಿ ಹೊದಿಕೆ ಇರಲಿಲ್ಲ. ಮಳೆ ನೆನೆಸಿದ ಅಂಕಣ ಬಿಸಿಲಿಗೆ ಒಣಗತೊಡಗಿದಾಗ ಚೆಂಡು ಒಮ್ಮೆ ನೆಲಕಚ್ಚಿ, ಮತ್ತೊಮ್ಮೆ ಎದೆಗೆ ಎಗರುತ್ತಿತ್ತು. ಅಂಥ ಕಡೆ ಗಳಿಸಿದ ಮೂವತ್ತು ರನ್‌ಗೆ ಎಷ್ಟೋ ಸಲ ಪಂದ್ಯ ಗೆಲ್ಲಿಸುವ ಬೆಲೆಯಿತ್ತು. ಮೂರು ದಿನದ ಪಂದ್ಯ ಮುಗಿಸಿ, ಗಂಟುಮೂಟೆ ಕಟ್ಟಿಕೊಂಡು ಮತ್ತೊಂದು ಊರು. ಈ ದುಡಿಮೆಯ ನಡುವೆ 1961ರಿಂದ 1983ರವರೆಗೆ ಸತತ 23 ಋತುಗಳಲ್ಲಿ ಅವರು ಸಾವಿರ ರನ್ ದಾಟಿದರು. 1969ರಲ್ಲಿ ಒಂದೂ ಪಂದ್ಯ ಸೋಲದೆ ಕೌಂಟಿ ಚಾಂಪಿಯನ್‌ಷಿಪ್ ಗೆದ್ದ ಗ್ಲಾಮೋರ್ಗನ್ ತಂಡದಲ್ಲಿ ಅವರಿದ್ದರು, ವಿಕೆಟ್ ಹಿಂದೆ ಅವರ ತಮ್ಮ ಐಫಿಯನ್ ಇದ್ದರು. ಆ ತಂಡದ ನಾಯಕ ಟೋನಿ ಲೂಯಿಸ್ ಮುಂದೆ 1972–73ರಲ್ಲಿ ಇಂಗ್ಲೆಂಡ್ ನಾಯಕರಾಗಿ ಭಾರತಕ್ಕೆ ಬಂದರು. ನಮ್ಮ ಚಂದ್ರಶೇಖರ್ 35 ವಿಕೆಟ್ ಕಿತ್ತದ್ದು ಅದೇ ಸರಣಿಯಲ್ಲಿ. ಲೂಯಿಸ್ ಮೊದಲ ಟೆಸ್ಟ್‌ಗೇ ನಾಯಕ. ಅವರದೇ ಕೌಂಟಿಯ ಆರಂಭಿಕನಿಗೆ ತಂಡದಲ್ಲೂ ಜಾಗವಿರಲಿಲ್ಲ.

ಆಕ್ಷೇಪವೂ ಉಂಟು. ಜೋನ್ಸ್ ಸರಾಸರಿ 32.89, ಅಷ್ಟು ಪಂದ್ಯ ಆಡಿದರೆ ಯಾರಿಗಾದರೂ ರನ್ ರಾಶಿ ಬೀಳುತ್ತದೆ ಎನ್ನಬಹುದು. ಸರಾಸರಿ ಅಸಾಧಾರಣವಲ್ಲ, ನಿಜ. ಅವರು ಆ ಕಾಲದ ಅತಿ ದೊಡ್ಡ ಬ್ಯಾಟ್ಸ್‌ಮನ್ ಎಂದು ನಾನೂ ವಾದಿಸುವುದಿಲ್ಲ. ಆದರೆ ಅಷ್ಟು ಪಂದ್ಯ ಆಡಲು ಯಾರಿಗೆ ಬಿಡುತ್ತಾರೆ? ಎರಡು ಋತು ಸೋತರೆ ಕೌಂಟಿ ಒಪ್ಪಂದ ಉಳಿಯುವುದು ಕಷ್ಟ. ಪ್ರತಿ ವರ್ಷವೂ ಜಾಗವನ್ನು ಹೊಸದಾಗಿ ಗಳಿಸಬೇಕಿತ್ತು. ಕೌಂಟಿ ಬೌಲಿಂಗ್ ಸಪ್ಪೆ ಎಂಬ ಮಾತಂತೂ ಆ ಕಾಲಕ್ಕೆ ಸಲ್ಲದು. 1968ರಲ್ಲಿ ವಿದೇಶಿ ಆಟಗಾರರಿಗೆ ಬಾಗಿಲು ತೆರೆದ ಮೇಲೆ ದಕ್ಷಿಣ ಆಫ್ರಿಕಾದ ವೇಗಿ ಪ್ರಾಕ್ಟರ್, ಇಮ್ರಾನ್ ಖಾನ್, ಬಿಷನ್ ಬೇಡಿ, ಮಾಲ್ಕಮ್ ಮಾರ್ಷಲ್ ಎಲ್ಲರೂ ಅಲ್ಲಿ ಬೌಲ್ ಮಾಡಿದರು. ರಣಜಿಯಲ್ಲಿ 637 ವಿಕೆಟ್ ಪಡೆದೂ ಟೆಸ್ಟ್ ಕಾಣದ ರಾಜಿಂದರ್ ಗೋಯಲ್ ಅವರನ್ನು ನಾವು ಎರಡನೇ ದರ್ಜೆಯ ಬೌಲರ್ ಎನ್ನುತ್ತೇವೆಯೇ? ಬೇಡಿ ಆಡುತ್ತಿದ್ದ ಕಾಲದಲ್ಲೇ ಅವರೂ ಆಡುತ್ತಿದ್ದರು, ಅಷ್ಟೇ.

ಜೋನ್ಸ್ ಇಂಗ್ಲೆಂಡ್ ಪರ ಒಮ್ಮೆ ಆಡಿದ್ದರು ಕೂಡ. ವರ್ಣಭೇದ ನೀತಿಯ ವಿರುದ್ಧದ ಪ್ರತಿಭಟನೆಯಿಂದ 1970ರ ದಕ್ಷಿಣ ಆಫ್ರಿಕಾ ಪ್ರವಾಸ ರದ್ದಾಗಿ, ಬದಲಿಗೆ ಗ್ಯಾರಿ ಸೋಬರ್ಸ್ ನಾಯಕತ್ವದ ‘ರೆಸ್ಟ್ ಆಫ್ ದಿ ವರ್ಲ್ಡ್’ (ಉಳಿದ ವಿಶ್ವ) ತಂಡದೊಂದಿಗೆ ಸರಣಿ ನಡೆಯಿತು. ಲಾರ್ಡ್ಸ್‌ನಲ್ಲಿ ಜೋನ್ಸ್ ಗಳಿಸಿದ್ದು 5 ಮತ್ತು 0. ಎರಡೂ ಸಲ ಔಟ್ ಮಾಡಿದವರು ಪ್ರಾಕ್ಟರ್. ಅದನ್ನು ಟೆಸ್ಟ್ ಎಂದೇ ಎಲ್ಲರೂ ಭಾವಿಸಿ ಆಡಿದ್ದರು. ಆಮೇಲೆ ಆ ಮಾನ್ಯತೆ ಹೋಯಿತು. ಐವತ್ತು ವರ್ಷದ ನಂತರ, 2020ರಲ್ಲಿ, ಇಂಗ್ಲೆಂಡ್ ಮಂಡಳಿ ಅವರಿಗೆ 696ನೇ ಸಂಖ್ಯೆಯ ಕ್ಯಾಪ್ ಕೊಟ್ಟಿತು. ಒಳ್ಳೆಯ ಕೆಲಸ, ತಡವಾದರೂ ಸಂತೋಷ. ಆದರೆ ಒಂದೇ ಪಂದ್ಯದ ಆ ಐದು ರನ್‌ಗೆ ಸಿಕ್ಕಷ್ಟು ಸುದ್ದಿ, ಗ್ಲಾಮೋರ್ಗನ್ ಪರ ಗಳಿಸಿದ 34,056 ರನ್‌ಗೆ ಎಂದೂ ಸಿಗಲಿಲ್ಲ. ಆ ಕೌಂಟಿಯ ಇತಿಹಾಸದಲ್ಲಿ ಅವರಷ್ಟು ರನ್ ಗಳಿಸಿದವರು ಮತ್ತೊಬ್ಬರಿಲ್ಲ.