ನೋರೆನ್ ತೂಗಿದ ಬಾಗಿಲು

ಜಪಾನಿಗೆ ಹೊರಟು ನಿಂತವನಿಗೆ ನೆಂಟರಿಷ್ಟರು ತಪ್ಪದೆ ಹೇಳಿ ಕಳುಹಿಸುವ ಎಚ್ಚರಿಕೆಗಳು ಎರಡು: ಅಲ್ಲಿ ಒಂದು ಹೊತ್ತಿನ ಊಟಕ್ಕೆ ಇಲ್ಲಿಯ ಒಂದು ತಿಂಗಳ ದಿನಸಿಯ ಹಣ ಬೇಕೆಂಬುದೊಂದು, ಹಸಿ ಮೀನಿನ ಹೊರತು ಬಾಯಿಗೆ ಬೇರೇನೂ ದೊರೆಯದೆಂಬುದು ಮತ್ತೊಂದು. ಎರಡರಲ್ಲಿಯೂ ಸತ್ಯಾಂಶ ಇಲ್ಲದಿಲ್ಲ. ಕ್ಯೋಟೊ ನಗರದ ಹಳೆಯ ಮನೆತನದ ಭೋಜನಶಾಲೆಯೊಂದರಲ್ಲಿ ರಾತ್ರಿ ಕುಳಿತು, ಋತುಮಾನಕ್ಕೆ ತಕ್ಕಂತೆ ಒಂದಾದ ಮೇಲೊಂದಾಗಿ ಬರುವ ಪುಟ್ಟ ಪುಟ್ಟ ಭಕ್ಷ್ಯಗಳ ‘ಕೈಸೆಕಿ’ ಎಂಬ ಊಟವನ್ನು ಮುಗಿಸಿ ಎದ್ದವನು ತಲೆಗೆ 20,000 ಯೆನ್ನಿಗೂ ಮೀರಿದ ಹಣವನ್ನು ತೆತ್ತು ಬಂದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಅದೇ ಬೀದಿಯ ಮುಂದಿನ ತಿರುವಿನಲ್ಲಿ, ಹತ್ತು ಜನ ಕುಳಿತರೆ ಹನ್ನೊಂದನೆಯವನು ಹೊರಗೆ ಕಾಯಬೇಕಾದಷ್ಟು ಇಕ್ಕಟ್ಟಾದ ಅಂಗಡಿಯೊಂದರಲ್ಲಿ, 1,000 ಯೆನ್ನಿನ ಆಸುಪಾಸಿಗೆ, ಎಂದರೆ ನಮ್ಮ ಲೆಕ್ಕದ 500–600 ರೂಪಾಯಿಗೆ, ಹಬೆಯಾಡುವ ಅನ್ನವನ್ನೂ ಸುಟ್ಟ ಮೀನನ್ನೂ ಬಿಸಿ ಸಾರನ್ನೂ ಉಪ್ಪಿನಕಾಯಿಯನ್ನೂ ಮರದ ತಟ್ಟೆಯಲ್ಲಿ ಅಣಿಮಾಡಿ ತಂದಿಡುವವರೂ ಇದ್ದಾರೆ. ಮಿತವಾದ ಹಣವನ್ನು ಗಂಟುಕಟ್ಟಿಕೊಂಡು ಹೋದ ಪ್ರವಾಸಿಗೆ ಬೇಕಾದುದು ಈ ಎರಡನೆಯ ಬಾಗಿಲನ್ನು ದೂರದಿಂದಲೇ ಗುರುತಿಸುವ ವಿದ್ಯೆ. ಆ ದೇಶದ ಲಿಪಿಯ ಗಂಧವಿಲ್ಲದವನಿಗೂ ಅದು ಒಂದು ವಾರದೊಳಗೆ ಕೈವಶವಾಗುತ್ತದೆಂಬುದನ್ನು, ಮೀನನ್ನು ಬಿಡದ ಕರಾವಳಿಯವನಾದ ನಾನೂ, ಈರುಳ್ಳಿಯನ್ನು ಸಹ ಮುಟ್ಟದ ನನ್ನ ಮೈಸೂರು ಕಡೆಯ ಮಿತ್ರರೂ ಜೊತೆಯಾಗಿ ಅಲೆದು ಕಂಡುಕೊಂಡೆವು.

ಬಾಗಿಲಿನ ವಿಷಯವನ್ನೇ ಮೊದಲು ಹೇಳತಕ್ಕದ್ದು. ಜಪಾನಿನ ಹಳೆಯ ಬಗೆಯ ಹೋಟೆಲುಗಳ ಹೊಸ್ತಿಲ ಮೇಲೆ ಒಂದು ಗಳುವಿಗೆ ಪೋಣಿಸಿ ಇಳಿಬಿಟ್ಟ ಬಟ್ಟೆಯ ಪರದೆಗೆ ‘ನೋರೆನ್’ ಎಂದು ಹೆಸರು. ಅದನ್ನು ನಡುನಡುವೆ ಉದ್ದಕ್ಕೆ ಸೀಳಿರುತ್ತಾರಾದುದರಿಂದ, ಒಳಗೆ ಹೋಗುವವನು ಕೈಯಿಂದ ಸರಿಸಿ, ಬೇಡವೆಂದರೂ ತುಸು ತಲೆಬಾಗಿಯೇ ಪ್ರವೇಶಿಸಬೇಕಾಗುತ್ತದೆ. ಕಡುನೀಲಿಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಬರೆದ ಅಂಗಡಿಯ ಹೆಸರು ನಮಗೆ ತಿಳಿಯದಿದ್ದರೂ ಪರದೆಯ ಭಾಷೆ ತಿಳಿಯುತ್ತದೆ: ಅದು ಹೊರಗೆ ತೂಗುತ್ತಿದ್ದರೆ ಒಲೆ ಉರಿಯುತ್ತಿದೆ, ಒಳಗೆ ಹೋಗಿದ್ದರೆ ಆ ಹೊತ್ತಿನ ಅಡುಗೆ ಮುಗಿದಿದೆ. ಏಡೋ ಎಂದು ಕರೆಯುವ ಹಿಂದಿನ ಕಾಲದಲ್ಲಿ ಉಂಡು ಹೊರಟವರು ಹೋಗುತ್ತ ಹೋಗುತ್ತ ಈ ಪರದೆಗೇ ಕೈಯೊರಸಿಕೊಳ್ಳುತ್ತಿದ್ದರೆಂದೂ, ಆದಕಾರಣ ನೋರೆನ್ ಎಷ್ಟು ಕೊಳೆಯಾಗಿದ್ದರೆ ಅಂಗಡಿಯ ಊಟ ಅಷ್ಟು ಒಳ್ಳೆಯದೆಂದು ದಾರಿಹೋಕರು ಬಗೆಯುತ್ತಿದ್ದರೆಂದೂ ಒಂದು ಮಾತುಂಟು. ಈಗಿನ ಪರದೆಗಳು ಮಡಿಬಟ್ಟೆಯಂತೆ ಶುಭ್ರವಾಗಿರುವುದರಿಂದ ಆ ಪರೀಕ್ಷೆ ನಡೆಯದು; ಬಿಸಿಲಿಗೆ ಬಣ್ಣ ಕಳೆದುಕೊಂಡ ನೋರೆನ್ ಕಂಡರೆ ಮಾತ್ರ ನಾವು ನಿಲ್ಲದೆ ಮುಂದಕ್ಕೆ ಹೋಗುತ್ತಿರಲಿಲ್ಲ.

ಈ ಬಟ್ಟೆಯ ತುಂಡಿಗೆ ಅಲ್ಲಿಯವರ ವ್ಯವಹಾರದಲ್ಲಿ ಇನ್ನೊಂದು ಗೌರವವೂ ಇದೆ. ಬಹುವರ್ಷ ಯಜಮಾನನ ಕೈಕೆಳಗೆ ದುಡಿದು ಕಸಬನ್ನು ಕಲಿತ ಶಿಷ್ಯನಿಗೆ, ಅದೇ ಹೆಸರಿನಲ್ಲಿ ಬೇರೊಂದು ಕಡೆ ಅಂಗಡಿ ತೆರೆಯಲು ಕೊಡುವ ಅನುಮತಿಗೆ ‘ನೋರೆನ್‌ವಾಕೆ’, ಎಂದರೆ ಪರದೆಯನ್ನು ಹಂಚುವುದು, ಎಂದು ಕರೆಯುತ್ತಾರೆ. ಉಡುಪಿಯ ಕಡೆಯಿಂದ ಹುಡುಗರಾಗಿ ಬಂದು, ಲೋಟ ತೊಳೆದು, ಮಾಣಿಗಳಾಗಿ, ಗಲ್ಲದ ಹತ್ತಿರ ಕುಳಿತು, ಕಡೆಗೆ ತಾವೇ ಹೋಟೆಲಿಟ್ಟವರ ಕಥೆಗಳನ್ನು ಕೇಳಿ ಬೆಳೆದ ನನಗೆ ಇದು ಹೊಸದೆನಿಸಲಿಲ್ಲ. ವ್ಯತ್ಯಾಸ ಒಂದೇ: ನಮ್ಮವರು ಇಡ್ಲಿಯಿಂದ ಹಿಡಿದು ಗೋಬಿ ಮಂಚೂರಿಯವರೆಗೆ ಎಲ್ಲವನ್ನೂ ಒಂದೇ ಫಲಕದಲ್ಲಿ ಬರೆಸುತ್ತಾರೆ, ಜಪಾನಿನ ಒಳ್ಳೆಯ ಚಿಕ್ಕ ಅಂಗಡಿ ಸಾಧಾರಣವಾಗಿ ಒಂದನ್ನೇ ಮಾಡುತ್ತದೆ. ಸೋಬಾ ಮಾಡುವವನು ಹುರುಳಿಹಿಟ್ಟಿನದೆಂದು ನಮಗೆ ಭ್ರಾಂತಿ ಹುಟ್ಟಿಸುವ ಆ ಕಂದುಬಣ್ಣದ ಬಕ್‌ವೀಟ್ ಎಳೆಗಳನ್ನೇ ಜೀವಮಾನವೆಲ್ಲ ಕತ್ತರಿಸುತ್ತಾನೆ. ಹಾವುಮೀನಿನವನು ಹಾವುಮೀನನ್ನೇ ಸುಡುತ್ತಾನೆ. ತೆಂಪುರದವನು ಎಣ್ಣೆಯ ಬಾಣಲೆಯನ್ನು ಬಿಟ್ಟು ಕದಲುವುದಿಲ್ಲ. ನಾವು ಇಂದು ಶ್ರೀಮಂತರ ತಿನಿಸೆಂದು ಬಗೆಯುವ ಸುಶಿಯಾದರೂ, 19ನೆಯ ಶತಮಾನದ ಆದಿಭಾಗದಲ್ಲಿ ಏಡೋ ನಗರದ, ಎಂದರೆ ಈಗಿನ ಟೋಕಿಯೋದ, ಹಾನಾಯಾ ಯೋಹೇ ಎಂಬಾತನ ಕೈಯಲ್ಲಿ ಅನ್ನದ ಉಂಡೆಯ ಮೇಲೆ ಮೀನಿಟ್ಟು ಅಮುಕಿ ಕೊಡುವ ಈಗಿನ ರೂಪಕ್ಕೆ ಬಂದು ಪ್ರಸಿದ್ಧವಾದಾಗ, ಅವಸರದ ಜನ ಬೀದಿಯ ಗಾಡಿಗಳ ಮುಂದೆ ನಿಂತು ತಿನ್ನುವ ತಿನಿಸಾಗಿತ್ತು. ಆದುದರಿಂದ ಹತ್ತು ಬಗೆಯ ಚಿತ್ರಗಳನ್ನು ಐದು ಭಾಷೆಗಳಲ್ಲಿ ಅಚ್ಚುಹಾಕಿಸಿ, ಬಾಗಿಲಲ್ಲಿ ಕೈಹಿಡಿದು ಕರೆಯುವ ಮನುಷ್ಯನನ್ನು ನಿಲ್ಲಿಸಿದ ಹೋಟೆಲನ್ನು ಕಂಡರೆ ದಾಟಿಕೊಂಡು ಹೋಗುವುದು ಲೇಸೆಂದು ನನ್ನ ಮತ. ಒಂದೇ ಪದಾರ್ಥದ ಹೆಸರು ಬರೆದು ಮೌನವಾಗಿರುವ ಅಂಗಡಿಯನ್ನು ನಂಬಿ ನಾವು ಕೆಟ್ಟದ್ದು ಒಮ್ಮೆಯೋ ಎರಡು ಸಲವೋ ಮಾತ್ರ.

ಲಿಪಿ ಬಾರದವನಿಗೆ ಆ ದೇಶ ಇನ್ನೊಂದು ಉಪಕಾರವನ್ನೂ ಮಾಡಿದೆ. ಹೋಟೆಲುಗಳ ಮುಂದಿನ ಗಾಜಿನ ಪೆಟ್ಟಿಗೆಗಳಲ್ಲಿ ಅಂದಿನ ಅಡುಗೆಯನ್ನೆಲ್ಲ ಬಡಿಸಿಟ್ಟಂತೆ ಕಾಣುವ ಬಟ್ಟಲುಗಳಿರುತ್ತವೆ; ಹತ್ತಿರ ಹೋಗಿ ನೋಡಿದರೆ ಅವೆಲ್ಲ ಕೃತಕ. ಗಿಫು ಪ್ರಾಂತದ ಗುಜೋ ಹಾಚಿಮಾನ್ ಎಂಬ ಊರಿನಲ್ಲಿ 1895ರಲ್ಲಿ ಹುಟ್ಟಿದ ಇವಾಸಾಕಿ ತಾಕಿಜೋ ಎಂಬವರು 1932ರಲ್ಲಿ ಓಸಾಕಾದಲ್ಲಿ ಈ ತಯಾರಿಕೆಯನ್ನು ಒಂದು ಉದ್ಯಮವನ್ನಾಗಿ ನಿಲ್ಲಿಸಿದರು. ಅವರು ಮೇಣದಲ್ಲಿ ಎರಕ ಹೊಯ್ದ ಆಮ್ಲೆಟ್ಟು ಈ ಕಲೆಯ ಆದಿಕೃತಿಯಂತೆ ಇಂದಿಗೂ ಸ್ಮರಿಸಲ್ಪಡುತ್ತದೆ. ಮೇಣದ ಸ್ಥಾನದಲ್ಲಿ ಈಗ ಪ್ಲಾಸ್ಟಿಕ್ ಬಂದಿದ್ದರೂ ಗುಜೋ ಹಾಚಿಮಾನ್ ಈ ಕಸಬಿನ ತವರೆಂಬ ಹೆಸರನ್ನು ಉಳಿಸಿಕೊಂಡಿದೆ. ಟೋಕಿಯೋದ ಊಎನೋ ಮತ್ತು ಅಸಾಕುಸಾಗಳ ನಡುವೆ, ಹೋಟೆಲಿನ ಪಾತ್ರೆಪರಡಿಗಳಿಗೇ ಮೀಸಲಾದ ಕಪ್ಪಾಬಾಶಿ ಎಂಬ ಬೀದಿಯಲ್ಲಿ ಇವನ್ನು ಮಾರುತ್ತಾರೆ. ನನ್ನ ಮಿತ್ರರು ಅಲ್ಲಿ ಕೊಂಡ ಪ್ಲಾಸ್ಟಿಕ್ ಬದನೆಕಾಯಿ ಹೋಳು, ಆ ದೇಶದಲ್ಲಿ ತಾವು ಸಂಶಯವಿಲ್ಲದೆ ಕೈಗೆತ್ತಿಕೊಂಡ ಮೊದಲ ಪದಾರ್ಥವೆಂದು ಅವರೇ ನಗುತ್ತಿದ್ದರು.

ಹಣವನ್ನು ಉಳಿಸಬೇಕೆಂಬವನು ಹೊತ್ತನ್ನು ಅರಿತು ಉಣ್ಣಬೇಕು. ರಾತ್ರಿಯಲ್ಲಿ ಹತ್ತಿರ ಸುಳಿಯಲೂ ಅಂಜಿಕೆಯಾಗುವ ಎಷ್ಟೋ ಹೋಟೆಲುಗಳು ಮಧ್ಯಾಹ್ನ ಹನ್ನೊಂದೂವರೆಯಿಂದ ಎರಡರವರೆಗೆ, ಅದೇ ಅಡುಗೆಯವನ ಕೈಯ ಅಡುಗೆಯನ್ನು, ರಾತ್ರಿಯ ಬೆಲೆಯ ಒಂದಂಶಕ್ಕೆ ಬಡಿಸುತ್ತವೆ. ಸುತ್ತಲಿನ ಕಚೇರಿಗಳ ಗುಮಾಸ್ತರು ಉಣ್ಣಬರುವ ಹೊತ್ತು ಅದು. ‘ತೇಶೋಕು’ ಎಂದರೆ ಅನ್ನ, ಮಿಸೋ ಸಾರು, ಉಪ್ಪಿನಲ್ಲಿ ನೆನೆದ ತರಕಾರಿ, ಒಂದು ಮುಖ್ಯ ವ್ಯಂಜನ ಇವುಗಳು ಒಂದೇ ತಟ್ಟೆಯಲ್ಲಿ ಕೂಡಿದ ಊಟ. ‘ಹಿಗಾವಾರಿ’ ಎಂದರೆ ದಿನಕ್ಕೊಂದರಂತೆ ಬದಲಾಗುವುದು. ಈ ಎರಡು ಶಬ್ದಗಳನ್ನು ಕಲಿತವನು ಹಸಿವಿನಿಂದ ಬಳಲುವ ಸಂಭವವಿಲ್ಲ. ವಿದ್ಯಾರ್ಥಿಗಳಿರುವಲ್ಲಿ ಅಗ್ಗದ ಊಟವಿರುತ್ತದೆಂಬ ಲೋಕಸಿದ್ಧವಾದ ನ್ಯಾಯ ಅಲ್ಲಿಯೂ ಸಲ್ಲುತ್ತದೆ: ವಿದ್ಯಾರ್ಥಿಗಳು ಓಡಾಡುವ ಟೋಕಿಯೋದ ಜಿಂಬೋಚೋ ಹಳೆಯ ಪುಸ್ತಕಗಳ ಪೇಟೆಯೂ ಹೌದು, ಕರಿ ಅಂಗಡಿಗಳ ಪೇಟೆಯೂ ಹೌದು.

ಇನ್ನೂ ಅವಸರವಿದ್ದರೆ ರೈಲು ನಿಲ್ದಾಣಗಳ ನಿಂತು ತಿನ್ನುವ ಸೋಬಾ ಅಂಗಡಿಗಳಿವೆ. ನಮ್ಮ ದರ್ಶಿನಿಗಳಲ್ಲಿ ನಿಂತೇ ತಿಂದು ಅಭ್ಯಾಸವಾದವನಿಗೆ ಅಲ್ಲಿ ಸಂಕೋಚವಿರಲಾರದು. ಆದರೆ ಚೀಟಿ ಕೊಡಲು ಗಲ್ಲದಲ್ಲಿ ಮನುಷ್ಯನಿಲ್ಲ, ಬಾಗಿಲ ಬಳಿ ಯಂತ್ರವಿದೆ. ಹಣ ಹಾಕಿ ಗುಂಡಿಯನ್ನೊತ್ತಿದರೆ ಚೀಟಿ ಬೀಳುತ್ತದೆ. ಏನೂ ತಿಳಿಯದಿದ್ದಾಗ ಎಡಗಡೆಯ ಮೇಲ್ತುದಿಯ ಗುಂಡಿಯನ್ನು ಒತ್ತತಕ್ಕದ್ದು. ಅಂಗಡಿಯವನು ತನ್ನ ಹೆಮ್ಮೆಯ ಪದಾರ್ಥವನ್ನು ಸಾಮಾನ್ಯವಾಗಿ ಅಲ್ಲಿಯೇ ಇಟ್ಟಿರುತ್ತಾನೆ. ಯಂತ್ರಗಳ ಮಾತು ಬಂದುದರಿಂದ, ತಿರುಗುವ ಪಟ್ಟಿಯ ಮೇಲೆ ತಟ್ಟೆಗಳು ಮೆರವಣಿಗೆ ಹೊರಡುವ ಸುಶಿ ಅಂಗಡಿಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ: ಬೀರು ಕಾರ್ಖಾನೆಯಲ್ಲಿ ಸೀಸೆಗಳು ಸಾಲಾಗಿ ಸಾಗುವುದನ್ನು ಕಂಡು ಶಿರಾಯಿಶಿ ಯೋಶಿಯಾಕಿ ಎಂಬವರು 1958ರಲ್ಲಿ ಓಸಾಕಾದ ಪಕ್ಕದ ಊರಿನಲ್ಲಿ ಅದನ್ನು ಮೊದಲು ತೆರೆದರು. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅದಕ್ಕಿಂತ ಒಳ್ಳೆಯ ವಿನೋದವಿಲ್ಲ. ನನಗೆ ಮಾತ್ರ ಅಲ್ಲಿ ಅಡುಗೆಯವನ ಮುಖ ಕಾಣದ ಕೊರತೆ.

ಓಸಾಕಾದ ಹೆಸರೆತ್ತಿದ ಮೇಲೆ ಅವರ ಗಾದೆಯನ್ನು ಬಿಡಲಾಗದು: ಕ್ಯೋಟೊದವರು ಉಟ್ಟು ಕೆಟ್ಟರಂತೆ, ಓಸಾಕಾದವರು ಉಂಡು ಕೆಟ್ಟರಂತೆ. ಅಲ್ಲಿಯ ಸಾರು ಟೋಕಿಯೋದ ಸಾರಿನಂತೆ ಕಪ್ಪಗಿರುವುದಿಲ್ಲ. ಪೂರ್ವದವರು ಗಾಢವಾದ ಸೋಯಾ ರಸವನ್ನು ಮುಂದುಮಾಡಿದರೆ, ಪಶ್ಚಿಮದವರು ‘ಕೊಂಬು’ ಎಂಬ ಕಡಲಪಾಚಿಯನ್ನು ನೆನೆಸಿದ ತಿಳಿಯಾದ ರಸದಲ್ಲಿ ಬಟ್ಟಲಿನ ತಳ ಕಾಣಬೇಕೆನ್ನುತ್ತಾರೆ. ಈ ಭೇದ ಎಷ್ಟು ಬಲವಾದುದೆಂದರೆ, ನಿಸ್ಸಿನ್ ಕಂಪನಿ ತನ್ನ ‘ದೊಂಬೇ’ ಎಂಬ ಬಟ್ಟಲಿನ ಊದೊನ್ನನ್ನು, ಎಂದರೆ ಗೋಧಿಯೆಳೆಗಳನ್ನು, ದೇಶದ ಪೂರ್ವಕ್ಕೊಂದು ರುಚಿ, ಪಶ್ಚಿಮಕ್ಕೊಂದು ರುಚಿ ಎಂದು ಬೇರೆಬೇರೆಯಾಗಿಯೇ ತಯಾರಿಸುತ್ತದೆ.

ನನ್ನ ಮಿತ್ರರ ಸಂಕಟವೆಲ್ಲ ಇದ್ದುದು ಈ ಸಾರಿನಲ್ಲಿಯೇ. ‘ದಾಶಿ’ ಎಂಬ ಈ ರಸವೇ ಜಪಾನೀ ಪಾಕದ ಪ್ರಾಣ. ಅದನ್ನು ತೆಗೆಯುವುದು ಕೊಂಬುವಿನಿಂದಲೂ, ಬೇಯಿಸಿ ಹೊಗೆಗೊಡ್ಡಿ ಮರದ ತುಂಡಿನಂತೆ ಒಣಗಿಸಿದ ಬೊನಿಟೊ ಮೀನನ್ನು ತೆಳ್ಳಗೆ ಹೆರೆದ ‘ಕತ್ಸುವೊಬುಶಿ’ಯಿಂದಲೂ. ಕೊಂಬುವಿನ ರುಚಿ ಸಿಹಿ, ಹುಳಿ, ಉಪ್ಪು, ಕಹಿಗಳಲ್ಲಿ ಯಾವುದಕ್ಕೂ ಸೇರದಿರುವುದನ್ನು ವಿಚಾರಮಾಡಿ, ಟೋಕಿಯೋ ಸಾಮ್ರಾಜ್ಯ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞರಾದ ಇಕೆದಾ ಕಿಕುನಾಯೆ ಅವರು 1908ರಲ್ಲಿ ಅದಕ್ಕೆ ಗ್ಲುಟಮೇಟ್ ಕಾರಣವೆಂದು ತೋರಿಸಿ ‘ಉಮಾಮಿ’ ಎಂದು ಹೆಸರಿಟ್ಟರು. ನಮ್ಮೂರ ಗೋಬಿ ಗಾಡಿಗಳವರೆಗೆ ಹರಿದುಬಂದ ಅಜಿನೊಮೊಟೊ ಅದರ ಸಂತಾನ. ಇಷ್ಟಾಗಿ, ಎಲೆಕೋಸನ್ನೋ ಬದನೆಯನ್ನೋ ಬೇಯಿಸಿಟ್ಟ ನಿರಪರಾಧಿಯಾದ ಬಟ್ಟಲಿನಲ್ಲಿಯೂ ಮೀನಿನ ಈ ರಸ ಅಡಗಿರುತ್ತದೆಂಬುದೂ, ಅಂಗಡಿಯವನು ಅದನ್ನು ಮೀನೆಂದೇ ಎಣಿಸುವುದಿಲ್ಲವೆಂಬುದೂ ನಮ್ಮ ಶಾಕಾಹಾರಿಗಳು ಹೊರಡುವ ಮುನ್ನವೇ ತಿಳಿಯಬೇಕಾದ ಸಂಗತಿ. ‘ನಿಕು ತೊ ಸಾಕಾನಾ ವಾ ತಾಬೆಮಾಸೆನ್’, ಮಾಂಸವನ್ನೂ ಮೀನನ್ನೂ ತಿನ್ನುವುದಿಲ್ಲ, ಎಂದು ಹೇಳಿದರೆ ಸಾಲದು. ದಾಶಿಯನ್ನೂ ಹೆಸರಿಸಿ ಕೇಳಬೇಕು.

ಅವರಿಗೆ ದಾರಿಯಾದುದು ಬೌದ್ಧ ಮಠಗಳ ‘ಶೋಜಿನ್’ ಅಡುಗೆ. ಝೆನ್ ಗುರು ದೋಗೆನ್ 1237ರಲ್ಲಿಯೇ ಮಠದ ಅಡುಗೆಯವನ ಕರ್ತವ್ಯವನ್ನು ಕುರಿತು ಒಂದು ಗ್ರಂಥವನ್ನು ಬರೆದರೆಂದ ಮೇಲೆ ಆ ಪರಂಪರೆ ಪಾಕಕ್ಕೆ ಕೊಟ್ಟ ಗೌರವ ಊಹ್ಯ. ಕೊಂಬು ಮತ್ತು ಒಣಗಿದ ಅಣಬೆಗಳಿಂದ ತೆಗೆದ ರಸ. ಈರುಳ್ಳಿ ಬೆಳ್ಳುಳ್ಳಿಗಳು ವರ್ಜ್ಯ. ಇದನ್ನು ಕೇಳಿದಾಗ ನನ್ನ ಮಿತ್ರರು ತಮ್ಮ ಮಠದ ಪಂಕ್ತಿಯನ್ನೇ ಕಂಡವರಂತೆ ಕೈಮುಗಿದರು. ಕೋಯಾ ಪರ್ವತದ ಮೇಲೆ ಯಾತ್ರಿಕರಿಗೆ ವಸತಿ ಕೊಡುವ ದೇವಾಲಯಗಳು ಸುಮಾರು 50 ಇದ್ದು, ಅಲ್ಲೆಲ್ಲ ಈ ಊಟ ಸಿಗುತ್ತದೆ; ಅಗ್ಗವಲ್ಲ, ಆದರೆ ರಾತ್ರಿಯ ಊಟ, ಹಾಸಿಗೆ, ಬೆಳಗಿನ ಪ್ರಾರ್ಥನೆ, ತಿಂಡಿ ಎಲ್ಲವೂ ಒಂದೇ ಬಾಡಿಗೆಯಲ್ಲಿ ಅಡಕವಾಗಿರುವುದರಿಂದ ಒಂದು ರಾತ್ರಿಯ ಮಟ್ಟಿಗೆ ಸಹ್ಯ. ಕ್ಯೋಟೊದ ನಾನ್‌ಜೆನ್‌ಜಿ ದೇವಾಲಯದ ಸುತ್ತಿನ ಅಂಗಡಿಗಳು ‘ಯುದೋಫು’ವಿಗೆ, ಎಂದರೆ ಕೊಂಬು ಹಾಕಿದ ಬಿಸಿನೀರಿನಲ್ಲಿ ತೇಲುವ ತೋಫುವಿಗೆ ಹೆಸರಾದುವು, ಅಲ್ಲಿಯೂ ಅದ್ದಿಕೊಳ್ಳುವ ರಸವನ್ನು ವಿಚಾರಿಸಿಯೇ ಮುಟ್ಟಬೇಕು.

ಮೋಸಹೋದದ್ದೊಂದನ್ನೂ ಒಪ್ಪಿಕೊಳ್ಳಬೇಕು. ಓಸಾಕಾದ ಒಂದು ಪಾನಗೃಹದಲ್ಲಿ ಕುಳಿತ ಕೂಡಲೇ, ನಾವು ಕೇಳದ ಪುಟ್ಟ ಬಟ್ಟಲೊಂದನ್ನು ಇಬ್ಬರಿಗೂ ತಂದಿಟ್ಟರು. ಅತಿಥಿಸತ್ಕಾರವೆಂದು ನಾನು ಹಿಗ್ಗಿದೆ. ಬಿಲ್ಲು ಬಂದಾಗ ಅದಕ್ಕೂ ಬೆಲೆ ಕಟ್ಟಿದ್ದರು. ಇದಕ್ಕೆ ‘ಓತೋಶಿ’ ಎಂದು ಹೆಸರು. ಕುಳಿತ ಜಾಗಕ್ಕೆ ತೆರುವ ಕಾಣಿಕೆಯಿದ್ದಂತೆ, ವಾಡಿಕೆಯೇ ಹೊರತು ವಂಚನೆಯೇನಲ್ಲ. ಅದಕ್ಕೆ ಪ್ರತಿಯಾಗಿ ಆ ದೇಶದಲ್ಲಿ ಮಾಣಿಗೆ ಭಕ್ಷೀಸು ಕೊಡುವ ಪದ್ಧತಿಯೇ ಇಲ್ಲ; ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಎದ್ದರೆ ಮರೆತು ಹೋದಿರೆಂದು ಬೀದಿಯವರೆಗೆ ಓಡಿ ಬಂದಾರು.

ಜನರ ಅಭಿಪ್ರಾಯವನ್ನು ಅಂಕಗಳಲ್ಲಿ ಅಳೆಯುವ ತಾಬೆಲೋಗು ಎಂಬ ಅಲ್ಲಿಯವರದೇ ಒಂದು ಕೈಪಿಡಿ ಫೋನಿನಲ್ಲಿ ಸಿಗುತ್ತದೆ. ಐದಕ್ಕೆ 3.5 ಬಂದರೆ ಅದು ಮೆಚ್ಚಬೇಕಾದ ಅಂಗಡಿ. ನಾಲ್ಕೂವರೆಗೆ ಕಡಿಮೆಯಾದರೆ ಮೂಗು ಮುರಿಯುವ ನಮ್ಮವರು ಇದನ್ನು ನೆನಪಿಡತಕ್ಕದ್ದು. ನಾನು ಅದಕ್ಕಿಂತ ಹೆಚ್ಚಾಗಿ ನೆಚ್ಚಿದ್ದು ಬಾಗಿಲ ಮುಂದಿನ ಸಾಲನ್ನು, ಅದರಲ್ಲಿಯೂ ಕೈಯಲ್ಲಿ ಭೂಪಟ ಹಿಡಿಯದವರ ಸಾಲನ್ನು.

ಅಂಥ ಸಾಲೊಂದು ಶಿಕೋಕು ದ್ವೀಪದ ತಾಕಾಮಾತ್ಸು ನಗರದಲ್ಲಿ ನಮಗೆ ಕೊನೆಯ ದಿನ ಸಿಕ್ಕಿತು. ಆ ಸೀಮೆ ಸಾನುಕಿ ಊದೊನ್ ಎಂಬ ದಪ್ಪ ಗೋಧಿಯೆಳೆಗಳ ಸೀಮೆ. ಅಲ್ಲಿಯ ಎಷ್ಟೋ ಅಂಗಡಿಗಳಲ್ಲಿ ನಾವೇ ಬಟ್ಟಲು ಹಿಡಿದು, ಎಳೆಗಳನ್ನು ಬಿಸಿನೀರಿನಲ್ಲಿ ಅದ್ದಿ, ಸಾರು ಹೊಯ್ದುಕೊಳ್ಳಬೇಕು. ಅಂದು ನಾದಿದ ಹಿಟ್ಟು ಮುಗಿದರೆ ಅಂಗಡಿಯೂ ಮುಗಿಯಿತು. ಮಧ್ಯಾಹ್ನ ಒಂದೂವರೆಯ ಸಮಯ. ನಮ್ಮ ಮುಂದೆ ಮೂವರು ಇದ್ದಾಗ, ತಲೆಗೆ ಬಿಳಿಯ ವಸ್ತ್ರ ಸುತ್ತಿದ್ದ ಮುದುಕಿಯೊಬ್ಬಳು ಹೊರಗೆ ಬಂದು, ನಮ್ಮನ್ನು ತಲೆಯೆಣಿಸಿ, ನನ್ನ ಮಿತ್ರರನ್ನು ಕಡೆಯವರೆಂದು ಬೆರಳಿನಿಂದ ತೋರಿಸಿ, ಗಳುವಿನ ಸಮೇತ ನೋರೆನ್ನನ್ನು ಎತ್ತಿ ಒಳಗೆ ಒಯ್ದಳು. ಪರದೆಯಿಲ್ಲದ ಬಾಗಿಲಿನಲ್ಲಿ ನಾವು ಅಂದು ಮೊದಲ ಬಾರಿಗೆ ತಲೆಬಾಗದೆ ಒಳಗೆ ಹೋದೆವು. ಮಿತ್ರರು ಸಾರಿನ ಕಡಾಯಿಯ ಕಡೆಗೆ ನೋಡದೆ, ಬರಿಯ ಎಳೆಗಳ ಮೇಲೆ ಸೋಯಾ ರಸವನ್ನೂ ತುರಿದ ಶುಂಠಿಯನ್ನೂ ಹಾಕಿಕೊಂಡು ಉಂಡರು. ಇನ್ನೊಂದು ಬಟ್ಟಲು ಬೇಕೆಂದು ಕೇಳಿದಾಗ ಮುದುಕಿ ಬರಿದಾದ ಮರದ ಪೆಟ್ಟಿಗೆಯನ್ನು ಓರೆಮಾಡಿ ತೋರಿಸಿದಳು.