ನರೂಲಿ ಉದುರಿಸಿದ್ದು ಯಾರು?

ನಂಜನಗೂಡಿನ ಹೆಸರಿನಲ್ಲೇ ನಂಜಿದೆ. ನಂಜುಂಡವನ ಊರೆಂದು ನಂಬಿ, ಮೈಮೇಲಿನ ಕಾಯಿಲೆ ವಾಸಿಯಾಗಲಿ ಎಂದು ಕಪಿಲೆಯಲ್ಲಿ ಮಿಂದು ಉರುಳುಸೇವೆ ಮಾಡುವವರು ಇಲ್ಲಿಗೆ ಬರುತ್ತಲೇ ಇರುತ್ತಾರೆ. ಅದೇ ಕಪಿಲೆ ಮುಂದೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಈ ಎರಡು ಊರುಗಳ ನಡುವೆ ಯಾವ ಜಗಲಿಯಲ್ಲಿ ಕೂತು ‘ಬೆರಳಿಗೆ ನರೂಲಿ ಎದ್ದಿದೆ, ಏನು ಮಾಡ್ಲಿ’ ಎಂದು ಕೇಳಿದರೂ ನಾಲ್ಕು ಜನ ನಾಲ್ಕು ಮದ್ದು ಹೇಳುತ್ತಾರೆ. ದೇವರಿಗೆ ಉಪ್ಪು-ಮೆಣಸಿನ ಹರಕೆ, ಕುದುರೆ ಬಾಲದ ಕೂದಲು, ಸುಣ್ಣ-ಸೋಡ, ಎಕ್ಕದ ಹಾಲು. ಕೊನೆಯ ಮಾತು ಮಾತ್ರ ಎಲ್ಲರದೂ ಒಂದೇ: ‘ನಮ್ಮ ಹುಡುಗನಿಗೆ ಇದರಲ್ಲೇ ಹೋಯ್ತು.’

ಅವರು ಸುಳ್ಳು ಹೇಳುತ್ತಿಲ್ಲ. ಹುಡುಗನ ನರೂಲಿ ನಿಜವಾಗಿಯೂ ಹೋಗಿರುತ್ತದೆ. ಅದನ್ನು ಉದುರಿಸಿದ್ದು ಯಾರು ಎಂಬುದೇ ಪ್ರಶ್ನೆ.

ನರೂಲಿಯ ಪೂರ್ಣ ರೂಪವಾದ ನರಹುಲಿ ಎಂಬ ಹೆಸರಿನಲ್ಲಿ ನರ ಕೇಳಿಸಿದರೂ ನರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ವೈರಸ್‌ ಎಬ್ಬಿಸಿದ ಚರ್ಮದ ಗಂಟು. 1907ರಲ್ಲಿ ಇಟಲಿಯ ಜ್ಯುಸೆಪ್ಪೆ ಚುಫೋ, ನರೂಲಿಯನ್ನು ಅರೆದು, ಬ್ಯಾಕ್ಟೀರಿಯಾ ನುಸುಳಲಾರದ ಸೋಸುಕದಲ್ಲಿ ಸೋಸಿದ ದ್ರವದಿಂದಲೂ ಹೊಸ ನರೂಲಿ ಹುಟ್ಟುತ್ತದೆಂದು ತೋರಿಸಿದರು. ಅದರಲ್ಲಿದ್ದದ್ದು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಅಂದರೆ ಎಚ್‌ಪಿವಿ. ಇದರಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿನ ನರೂಲಿ ತರುವ ಬಗೆಗಳೇ ಬೇರೆ, ಗರ್ಭಕೊರಳಿನ ಕ್ಯಾನ್ಸರಿಗೆ ಮುಖ್ಯ ಕಾರಣವಾಗುವ 16 ಮತ್ತು 18ನೇ ಬಗೆಗಳೇ ಬೇರೆ. ಮಗುವಿನ ಬೆರಳಿನ ನರೂಲಿ ಕಂಡು ಕ್ಯಾನ್ಸರಿನ ಭಯ ಪಡಬೇಕಿಲ್ಲ.

ಚರ್ಮದ ಸಣ್ಣ ಬಿರುಕೋ ಗೀರೋ ಸಿಕ್ಕರೆ ಈ ವೈರಸ್‌ ಒಳಗೆ ಇಳಿಯುತ್ತದೆ. ಇಳಿದದ್ದು ಮೇಲುಪದರದಲ್ಲೇ ಉಳಿಯುತ್ತದೆ, ರಕ್ತಕ್ಕೆ ಹೋಗುವುದಿಲ್ಲ. ಹಾಗಾಗಿ ನಮ್ಮ ರೋಗನಿರೋಧಕ ವ್ಯವಸ್ಥೆಗೆ ಅದರ ಸುಳಿವು ಸಿಗಲು ತಿಂಗಳುಗಳೇ ಬೇಕು. ಸುಳಿವು ಸಿಕ್ಕ ಮೇಲೆ, ವರ್ಷದಿಂದ ಕೂತಿದ್ದ ಗಂಟುಗಳು ಕೆಲವೊಮ್ಮೆ ಒಟ್ಟೊಟ್ಟಿಗೆ ಮಾಯವಾಗುತ್ತವೆ. ಮಕ್ಕಳ ನರೂಲಿಗಳಲ್ಲಿ ಸುಮಾರು ಮೂರನೇ ಎರಡು ಭಾಗ ಯಾವ ಮದ್ದೂ ಇಲ್ಲದೆ ಎರಡು ವರ್ಷದೊಳಗೆ ಹೋಗುತ್ತವೆ. ದೊಡ್ಡವರಲ್ಲಿ ಇನ್ನೂ ನಿಧಾನ.

ನಾವು ಹರಕೆ ಹೊರುವುದು, ಮದ್ದು ಹುಡುಕುವುದು ಎಂದು? ನರೂಲಿ ಎದ್ದ ಮರುದಿನವಲ್ಲ. ಆರು ತಿಂಗಳೋ ವರ್ಷವೋ ಕಾದು, ಬೇಸತ್ತ ಮೇಲೆ. ಆ ಹೊತ್ತಿಗೆ ದೇಹವೂ ತನ್ನ ಕೆಲಸ ಶುರು ಮಾಡಿರಬಹುದು. ಕೊನೆಗೆ ಹಚ್ಚಿದ್ದು ಯಾವುದೋ ಅದಕ್ಕೆ ಹೆಸರು ಬರುತ್ತದೆ. ನರೂಲಿಯ ವಿಷಯದಲ್ಲಿ ಸರಿಯಾದ ಮಾಹಿತಿ ಸಿಗುವುದು ಕಷ್ಟವಾಗಿರುವುದು ಇದರಿಂದಲೇ. ತಾನಾಗಿ ವಾಸಿಯಾಗುವ ಕಾಯಿಲೆಗೆ ಎಲ್ಲ ಮದ್ದೂ ಫಲಿಸಿದಂತೆ ಕಾಣುತ್ತದೆ.

ಇದನ್ನು ಬಿಡಿಸಲು ಇರುವುದು ಒಂದೇ ದಾರಿ. ಒಂದು ಗುಂಪಿಗೆ ಮದ್ದು, ಇನ್ನೊಂದು ಗುಂಪಿಗೆ ಮದ್ದಿಲ್ಲದ ಬರಿಯ ಲೇಪ ಕೊಟ್ಟು, ಎಷ್ಟೆಷ್ಟು ಜನರಿಗೆ ಹೋಯಿತೆಂದು ಎಣಿಸುವುದು. ಹೀಗೆ ಗುಂಪು ಮಾಡಿ ಮದ್ದುಗಳನ್ನು ಹೋಲಿಸಿದ 85 ಪ್ರಯೋಗಗಳನ್ನು ಕಾಕ್ರೇನ್ ಸಂಸ್ಥೆ 2012ರಲ್ಲಿ ಒಟ್ಟಿಗೆ ಇಟ್ಟು ನೋಡಿತು. ಬರಿಯ ಲೇಪಕ್ಕಿಂತ ಸ್ಯಾಲಿಸಿಲಿಕ್ ಆಮ್ಲ ಮೇಲು ಎಂಬುದು ಸ್ಪಷ್ಟವಾಯಿತು, ಆದರೆ ಅದರ ಗುಣ ಸಾಧಾರಣ ಮಟ್ಟದ್ದು. −196 ಡಿಗ್ರಿಯ ದ್ರವ ನೈಟ್ರೋಜನ್‌ನಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಗೆ ಸಿಕ್ಕ ಪುರಾವೆ ಅಷ್ಟು ಗಟ್ಟಿಯಾಗಿರಲಿಲ್ಲ. ಹೋಮಿಯೋಪಥಿ ಗುಳಿಗೆಗಳನ್ನು ಹೀಗೇ ಹೋಲಿಸಿ ನೋಡಿದ ಪ್ರಯೋಗಗಳಲ್ಲಿ ಹೆಚ್ಚಿನ ಗುಣ ಕಾಣಲಿಲ್ಲ.

ಸ್ಯಾಲಿಸಿಲಿಕ್ ಆಮ್ಲದ ಮುಲಾಮು ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ನರೂಲಿಯನ್ನು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ನೆನೆಸಿ, ಸತ್ತ ಪದರವನ್ನು ಮೆಲ್ಲಗೆ ಉಜ್ಜಿ ತೆಗೆದು, ಸುತ್ತಲಿನ ಚರ್ಮಕ್ಕೆ ತಾಗದಂತೆ ಹಚ್ಚಬೇಕು. ದಿನಾ ಹಚ್ಚಿದರೂ ಹನ್ನೆರಡು ವಾರ ಹಿಡಿಯಬಹುದು. ಹತ್ತು ದಿನಕ್ಕೆ ಬಿಟ್ಟವರು ‘ಇದೂ ಆಗಲಿಲ್ಲ’ ಎನ್ನುತ್ತಾರೆ. ಮುಖಕ್ಕೆ, ಗುಪ್ತಾಂಗಕ್ಕೆ ಇದನ್ನು ಹಚ್ಚಕೂಡದು. ಸಕ್ಕರೆ ಕಾಯಿಲೆ ಇರುವವರು ಪಾದಕ್ಕೆ ವೈದ್ಯರನ್ನು ಕೇಳದೆ ಹಚ್ಚಬಾರದು.

ಹರಕೆಯಿಂದ ಚರ್ಮಕ್ಕೆ ಗಾಯವಾಗದು. ಅದು ಅವರವರ ನಂಬಿಕೆ. ನನ್ನ ಭಯವಿರುವುದು ಸುಡುವ ಮದ್ದುಗಳ ಬಗ್ಗೆ. ಸುಣ್ಣ-ಸೋಡ ಒಳ್ಳೆಯ ಚರ್ಮವನ್ನೂ ಸುಟ್ಟು ಕಲೆ ಉಳಿಸುತ್ತದೆ. ಎಕ್ಕದ ಹಾಲು ಹಚ್ಚಿದ ಬೆರಳಿನಿಂದ ಮಗು ಕಣ್ಣುಜ್ಜಿಕೊಂಡರೆ ಕಣ್ಣಿನ ಪಾರದರ್ಶಕ ಪದರಕ್ಕೇ ಪೆಟ್ಟು. ‘ನರೂಲಿಯ ರಕ್ತ ತಾಗಿದಲ್ಲಿ ಇನ್ನೊಂದು ಹುಟ್ಟುತ್ತೆ’ ಎಂಬ ಹಿರಿಯರ ಮಾತಿನಲ್ಲಿ ಮಾತ್ರ ಅರ್ಧ ಸತ್ಯವಿದೆ. ಹರಡುವುದು ರಕ್ತವಲ್ಲ, ಕೆರೆದಾಗ ಕಿತ್ತುಬಂದ ಚರ್ಮದಲ್ಲಿರುವ ವೈರಸ್‌. ಬ್ಲೇಡಿನಲ್ಲಿ ಕೊಯ್ಯಬೇಡಿ ಎನ್ನುವುದು ಅದಕ್ಕೇ.

ಮದ್ದಿಗಿಂತ ಮೊದಲು ಅದು ನರೂಲಿಯೇ ಎಂದು ಖಚಿತವಾಗಬೇಕು. ನಮ್ಮ ಕಡೆ ಕತ್ತಿನಲ್ಲಿ ಜೋಲುವ ಚರ್ಮದ ಎಳೆಗೂ ನರೂಲಿ ಎಂದೇ ಹೆಸರು. ಕೂದಲು ಕಟ್ಟಿದರೆ ಉದುರುವುದು ತೊಟ್ಟಿರುವ ಆ ಎಳೆ, ಬೆರಳಿನ ಗಂಟಲ್ಲ. ಗದ್ದೆಯಲ್ಲಿ ಬರಿಗಾಲಲ್ಲಿ ದುಡಿಯುವವರ ಅಂಗಾಲಿನಲ್ಲಿ ಆಣಿಯೂ ಆಗಬಹುದು, ನರೂಲಿಯೂ ಆಗಬಹುದು. ಆಣಿಯ ಮೇಲೆ ಚರ್ಮದ ಗೆರೆಗಳು ಹಾಗೇ ಉಳಿದಿರುತ್ತವೆ, ನೇರ ಒತ್ತಿದರೆ ನೋವು. ನರೂಲಿಯಲ್ಲಿ ಗೆರೆ ಮುರಿದಿರುತ್ತದೆ, ಅಕ್ಕಪಕ್ಕದಿಂದ ಹಿಸುಕಿದರೆ ನೋವು, ಒಳಗೆ ಕಪ್ಪು ಚುಕ್ಕೆಗಳು. ಅವು ಬೇರಲ್ಲ, ಹೆಪ್ಪುಗಟ್ಟಿದ ಕಿರು ರಕ್ತನಾಳಗಳು.

ಬೇಗ ಬೆಳೆಯುವ, ಬಣ್ಣ ಬದಲಿಸುವ, ತಾನಾಗಿ ರಕ್ತ ಸೋರುವ ಗಂಟು, ಗುಪ್ತಾಂಗದ ಗಂಟು, ವಯಸ್ಸಾದ ಮೇಲೆ ಹೊಸದಾಗಿ ಎದ್ದದ್ದು, ಇವನ್ನು ನಾಚದೆ ತಡಮಾಡದೆ ತೋರಿಸಬೇಕು. ಮೊದಲು ತಾಲ್ಲೂಕು ಆಸ್ಪತ್ರೆ, ಅಗತ್ಯವಿದ್ದರೆ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮರೋಗ ವಿಭಾಗ. ಮನೆಯಿಂದಲೇ ಕೇಳುವುದಾದರೆ ಸರ್ಕಾರದ ಉಚಿತ ಇ-ಸಂಜೀವಿನಿ ಇದೆ.

ಇನ್ನು ಜಗಲಿಯಲ್ಲಿ ಯಾರಾದರೂ ‘ಇದರಲ್ಲೇ ಹೋಯ್ತು’ ಎಂದರೆ ಪ್ರೀತಿಯಿಂದಲೇ ಎರಡು ಮಾತು ಕೇಳಿ. ಹಚ್ಚುವ ಮೊದಲು ಅದು ಎಷ್ಟು ತಿಂಗಳಿಂದ ಇತ್ತು? ಹಚ್ಚದೇ ಬಿಟ್ಟವರದು ಹೋಗಲಿಲ್ಲವೇ? ಅಂಗಡಿಯವರಿಗೂ, ವೈದ್ಯರಿಗೂ, ಮೊಬೈಲಿನಲ್ಲಿ ಬರುವ ವಿಡಿಯೊಗಳಿಗೂ ಇದೇ ಎರಡು ಪ್ರಶ್ನೆ ಸಲ್ಲುತ್ತವೆ.