ಗಸಿಯಲ್ಲಿ ಸಿಗುವ ಸುಳಿವು

ಎರಡು ದಿನ ವಾಂತಿಭೇದಿಯಾಗಿ ಆಸ್ಪತ್ರೆ ಸೇರಿದವರ ರಕ್ತದಲ್ಲಿ, ಕಿಡ್ನಿ ಸೋಸಿಹಾಕಬೇಕಾದ ಕ್ರಿಯಾಟಿನಿನ್ ಏಕಾಏಕಿ 4 ದಾಟಿದೆ. ಕಿಡ್ನಿ ಸೋತಿದೆ ಎಂದು ರಕ್ತ ಹೇಳಿತು. ಯಾಕೆ ಸೋತಿತು ಎಂದು ತಿಳಿಯಲು ಮೂತ್ರವನ್ನೇ ವಿಚಾರಿಸಬೇಕು.

ಆಗಷ್ಟೇ ಹಿಡಿದ ಮೂತ್ರವನ್ನು ಸುಮಾರು 10 ಮಿಲಿಲೀಟರ್ ಕೊಳವೆಗೆ ಹಾಕಿ, ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ಗಿರಗಿರನೆ ತಿರುಗಿಸುತ್ತಾರೆ. ಮೇಲಿನ ತಿಳಿ ಚೆಲ್ಲಿ, ತಳದ ಗಸಿಯ ಒಂದು ಹನಿಯನ್ನು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಬೆಳಕು ತಗ್ಗಿಸಿಯೇ ನೋಡಬೇಕು. ಜೋರಾದರೆ ಹುಡುಕುತ್ತಿದ್ದದ್ದೇ ಮಾಯ!

ಹುಡುಕುವುದು ‘ಕಾಸ್ಟ್’ಗಳನ್ನು. ಕಿಡ್ನಿಯ ಸೂಕ್ಷ್ಮ ನಾಳದಲ್ಲಿ ಒಸರುವ ಒಂದು ಪ್ರೋಟೀನ್ ಅಲ್ಲೇ ಗಟ್ಟಿಯಾಗಿ, ಶಾವಿಗೆ ಒರಳಿನಿಂದ ಇಳಿದ ತುಂಡಿನಂತೆ ನಾಳದ ಆಕಾರವನ್ನೇ ಹೊತ್ತು ಬರುತ್ತದೆ. ದಾರಿಯಲ್ಲಿ ಸಿಕ್ಕ ಕಣಗಳೂ ಅದಕ್ಕೆ ಅಂಟಿಕೊಂಡಿರುತ್ತವೆ. ಆ ಪ್ರೋಟೀನನ್ನು 1950ರಲ್ಲಿ ಬೇರ್ಪಡಿಸಿದವರು ಟ್ಯಾಮ್ ಮತ್ತು ಹಾರ್ಸ್‌ಫಾಲ್. ಅವರಿಬ್ಬರೂ ವೈರಸ್ ಸಂಶೋಧಕರು ಎಂಬುದು ತಮಾಷೆ.

ಕೆಸರುಕಂದು ಬಣ್ಣದ ಒರಟು ಕಾಸ್ಟ್‌ಗಳು ಕಂಡರೆ ನಾಳದ ಜೀವಕೋಶಗಳೇ ಸತ್ತು ಉದುರಿವೆ ಎಂದರ್ಥ. ಬಹಳ ಹೊತ್ತು ಬಿ.ಪಿ. ಕುಸಿದಿದ್ದರೆ, ಕೆಲವು ಆ್ಯಂಟಿಬಯಾಟಿಕ್ ನಾಳಕ್ಕೆ ವಿಷವಾದರೆ ಹೀಗಾಗುತ್ತದೆ. ಕೆಂಪು ರಕ್ತಕಣ ತುಂಬಿದ ಕಾಸ್ಟ್ ಇದ್ದರೆ ಸೋಸುವ ಜಾಲರಿಗೇ ಉರಿಯೂತ. ಕಿಡ್ನಿ ವೈದ್ಯರು ತಡಮಾಡುವಂತಿಲ್ಲ. ಬಿಳಿಕಣದ್ದಾದರೆ ಸೋಂಕೋ ಔಷಧದ ಅಲರ್ಜಿಯೋ ಇರಬಹುದು. ಗಸಿ ಬಹುತೇಕ ಖಾಲಿಯಿದ್ದರೆ ಅದೂ ಸುಳಿವೇ: ಕಿಡ್ನಿ ಚೆನ್ನಾಗಿದ್ದು, ಮೈಯಲ್ಲಿ ನೀರಿಲ್ಲದಿರಬಹುದು. ನಮ್ಮ ವಾಂತಿಭೇದಿಯ ರೋಗಿಯಲ್ಲಿ ಹೀಗಿದ್ದರೆ ಸಲೈನ್‌ಗೇ ಚೇತರಿಸಿಕೊಂಡಾರು.

ಇದಕ್ಕೆ ಜೊತೆಯಾಗಿ ಸೋಡಿಯಂ ಲೆಕ್ಕವೂ ಉಂಟು. 1976ರಲ್ಲಿ ಎಸ್ಪಿನೆಲ್ ಎಂಬ ವೈದ್ಯ ಇದನ್ನು ಪ್ರಚಾರಕ್ಕೆ ತಂದರು. ಸೋಸಿದ ಸೋಡಿಯಂನಲ್ಲಿ ಶೇ 1ಕ್ಕಿಂತ ಕಡಿಮೆ ಹೊರಹೋದರೆ, ನೀರಿಲ್ಲದೆ ಕಿಡ್ನಿ ಉಪ್ಪನ್ನು ಬಿಗಿಹಿಡಿದಿದೆ. ಶೇ 2 ಮೀರಿದರೆ ನಾಳಕ್ಕೇ ಪೆಟ್ಟು. ಮೂತ್ರ ಹೆಚ್ಚಿಸುವ ಮಾತ್ರೆ ನುಂಗಿದವರಲ್ಲಿ ಮಾತ್ರ ಈ ಲೆಕ್ಕ ನಂಬಬೇಡಿ.

ಇನ್ನೊಂದು ಚಮತ್ಕಾರವಿದೆ. ಮೂತ್ರದಲ್ಲಿ ಅದ್ದಿದ ಪರೀಕ್ಷಾ ಪಟ್ಟಿ ‘ರಕ್ತವಿದೆ’ ಎನ್ನುತ್ತದೆ, ಸೂಕ್ಷ್ಮದರ್ಶಕದಲ್ಲಿ ಒಂದು ಕೆಂಪುಕಣವೂ ಇಲ್ಲ. ಹಾಗಾದರೆ ಸ್ನಾಯು ನಜ್ಜುಗುಜ್ಜಾಗಿ ಅದರ ಬಣ್ಣ ಇಳಿದಿರಬೇಕು, ಇಲ್ಲವೇ ರಕ್ತನಾಳದೊಳಗೇ ಕಣಗಳು ಒಡೆದಿರಬೇಕು. ಕೊಳಕುಮಂಡಲ ಹಾವು ಕಚ್ಚಿದವರಲ್ಲೂ ಹೀಗಾಗಬಹುದು.

ಕಾಸ್ಟ್ ಸಿಗಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎನ್ನಲಾಗದು. ಯಂತ್ರ ಅಚ್ಚುಹಾಕಿದ ವರದಿಗಿಂತ, ರೋಗಿಯನ್ನು ನೋಡಿದ ವೈದ್ಯರೇ ಕಣ್ಣಿಟ್ಟ ಗಸಿಯನ್ನು ನಾನು ಹೆಚ್ಚು ನಂಬುತ್ತೇನೆ. ಮೂತ್ರವನ್ನು ಹಾಗೇ ಇಟ್ಟಷ್ಟೂ ಕಾಸ್ಟ್‌ಗಳು ಕರಗಿಹೋಗುತ್ತವೆ. ಎರಡು ಗಂಟೆಯೊಳಗೆ ನೋಡಿಬಿಡಬೇಕು. ಆದ್ದರಿಂದ ಬೆಳಿಗ್ಗೆ ಮನೆಯಲ್ಲಿ ಹಿಡಿದದ್ದನ್ನು ಮಧ್ಯಾಹ್ನ ಒಯ್ಯಬೇಡಿ. ಲ್ಯಾಬ್‌ನಲ್ಲೇ ಡಬ್ಬಿ ಕೇಳಿ, ಅಲ್ಲೇ ಹಿಡಿದುಕೊಡಿ.